ನಲಿಕಲಿ ಕ್ಲಾಸಿನ್ಯಾಗ ಕಥಿ ಓದೋದು: ನನ್ನ ಅನುಭವ

ನಮ್ದು ಗುರುಮಠಕಲ್ ಕಡೆ ಸಾಲಿ ರಿ, ತೆಲಂಗಾಣ ಗಡಿ ಹತ್ರ. ನಲಿಕಲಿ ಕ್ಲಾಸು, ಅಂದ್ರ ಆಟ, ಕಾರ್ಡು ಹಿಡ್ಕೊಂಡು ಕಲಿಯೋದು, ಒಂದು ಎರಡು ಮೂರನೇ ಕ್ಲಾಸಿನವ್ರು ಎಲ್ಲಾ ಒಂದೇ ರೂಮಿನ್ಯಾಗ, ಮನ್ಯಾಗ ಕೆಲವರದು ತೆಲುಗು, ತಾಂಡಾದಿಂದ ಬರೋರದು ಲಂಬಾಣಿ. ಕಥಿ ಪುಸ್ತಕ ಸುಮ್ನೆ ಓದಿ ಮುಗಿಸಿದ್ರ ಅರ್ಧ ಮಂದಿ ಕಿಟಕಿ ಕಡೆ ನೋಡ್ಕೋತ ಕೂಡ್ತಾರ.

ಅದಕ ಒಂದ ಪುಸ್ತಕ ವಾರಪೂರ್ತಿ ನಡಸ್ತೀನಿ. ಮೊದಲ್ನೇ ದಿನ ಎಲ್ಲೂ ನಿಲ್ಸಂಗಿಲ್ಲ, ಕಥಿ ಸಿಗಬೇಕಲ್ಲ ಅವರಿಗೆ. ಮರುದಿನದಿಂದ ಚಿತ್ರದ ಮ್ಯಾಲ ಪ್ರಶ್ನಿ, ಕೊನಿಗೆ ಹುಡುಗ್ರೇ ಹೇಳ್ತಾರ ನಾ ಬರೀ ಹಾಳಿ ತಿರುವ್ತೀನಿ. "ಇದೇನು?" ಅಂದ್ರ "ಆಡು" ಅಂತಾರ, ಮುಗೀತು. "ಯಾಕ ಹಿಂಗಾತು, ಮುಂದೇನಾಗ್ತದ" ಅಂತ ಕೇಳಿ ಬಾಯಿ ಮುಚ್ಕೊಂಡು ಕೂಡೋದದ ನೋಡ್ರಿ, ಅದೇ ಕಠಿಣ, ನಮ್ ಟೀಚರ್ ಮಂದಿಗೆ ಉತ್ರ ನಾವೇ ಹೇಳೋ ಚಟ.

ಒಂದ್ಸಲ ಚಾರ್ಟ್ ಪೇಪರ್ ಮ್ಯಾಲ ನಾನೇ ಬರದ ಕಥಿ, ಆಡು ತೊಗರಿ ಹೊಲಕ್ಕ ನುಗ್ತದ. ಯಾಕ ಹೋತು ಅಂದೆ. ಹಸಿವಾಗಿತ್ತು ಅಂತಾರ ಅನ್ಕೊಂಡಿದ್ದೆ. ಬಾಯೇ ಬಿಡ್ದ ಹುಡುಗ ಒಬ್ಬ ಎದ್ದು ಬಂದು ಚಿತ್ರಕ್ಕ ಬೆರಳಿಟ್ಟ, ಆಡಿನ ಕೊರಳಾಗ ತುಂಡು ಹಗ್ಗ ಜೋತಾಡ್ತಿತ್ತು. "ಹರ್ಕೊಂಡ್ ಬಂದದ ಟೀಚರ್." ಅಲ್ಲಿಂದ ಶುರು ಆತು, ಯಾರ ಆಡದು, ಹೊಲದವ ಸುಮ್ನ ಬಿಡ್ತಾನೇನು, ದಂಡ ಯಾರು ಕಟ್ಟಬೇಕು, ಒಬ್ಬಾಕಿ ತೆಲುಗಿನ್ಯಾಗೇ ಜಗಳಕ್ಕ ನಿಂತ್ಲು. "ಹೌದವ್ವ, ಆಡು ಸಾಕಿದವ್ರು ಹೊಲದವನಿಗೆ ರೊಕ್ಕ ಕೊಡಬೇಕು" ಅಂತ ಆಕಿ ಮಾತೇ ಕನ್ನಡದಾಗ ಸ್ವಲ್ಪ ಉದ್ದ ಮಾಡಿ ಹೇಳ್ದೆ, ಆಕಿನೂ ನನ್ನ ಹಿಂದ ಅಂದ್ಲು. ತಪ್ಪು ಅಂತ ತಿದ್ಲಿಕ್ಕ ಹೋಗಂಗಿಲ್ಲ ನಾ.

ಅಮೆರಿಕದ ಮನಃಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತ ಅವರ ಜೊತೆಗಾರರು 1988ರಾಗ ಇಂಥಾದ್ದೇ ಮಾಡಿ ನೋಡಿ ಬರದಾರ, ಡೈಲಾಜಿಕ್ ರೀಡಿಂಗ್ ಅಂತಾರ. ಆದ್ರ ಅದು ಮನ್ಯಾಗ ಅವ್ವ-ಅಪ್ಪ ಒಂದು ಕೂಸಿನ ಜೊತಿ ಓದೋ ಲೆಕ್ಕ. ಇಡೀ ಕ್ಲಾಸಿಗೆ ಹಂಗ ಮಾಡಿದ್ರ ಮುಂದ ಕುಂತ ನಾಕು ಮಂದಿನೇ ಮಾತಾಡ್ತಾರ. ಹಂಗಾಗಿ ಐದಾರು ಮಂದೀನಷ್ಟೇ ಚಾಪಿ ಮ್ಯಾಲ ಕರ್ಕೋತೀನಿ, ಉಳಿದವ್ರು ತಮ್ಮ ತಮ್ಮ ತಟ್ಟೆನಾಗ (ನಲಿಕಲಿಯಾಗ ಗುಂಪಿಗೆ ತಟ್ಟೆ ಅಂತೀವಿ) ಕಲಿಕಾ ಕಾರ್ಡ್ ಮಾಡ್ತಿರ್ತಾರ, ಗದ್ಲ ಇರ್ತದ, ಇರ್ಲಿ ಬಿಡ್ರಿ.

ಪುಸ್ತಕ ಇಲ್ಲ ಅನ್ನೋರು ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನ್ಯಾಗ ನೋಡ್ರಿ, ಕನ್ನಡದವೂ ತೆಲುಗಿನವೂ ಪುಕ್ಕಟೆ ಅದಾವ. ಝೆರಾಕ್ಸ್ ಬ್ಯಾಡ, ಬಣ್ಣ ಹೋದ್ರ ಚಿತ್ರನೇ ತಿಳಿಯಂಗಿಲ್ಲ, ಕಲರ್ ಪ್ರಿಂಟೇ ತಗಸ್ರಿ.