ಅಜ್ಜಿಯ ಬಾಯಲ್ಲಿರುವ ಗಾದೆ ಬರೆದಿಡುವುದು ಹೇಗೆ?

ಪೆನ್ನು ಹಿಡಿದು ಅಜ್ಜಿಯ ಎದುರು ಕೂತು "ಒಂದು ಗಾದೆ ಹೇಳಿ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಹೆಚ್ಚೆಂದರೆ "ಕೈ ಕೆಸರಾದರೆ ಬಾಯಿ ಮೊಸರು" ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಕೆಲಸ ನಡೆಯುವ ಜಾಗಕ್ಕೆ ಹೋಗಿ ಸುಮ್ನೆ ಕೂತುಕೊಳ್ಳಿ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಾದರೆ ಅಡಿಕೆ ಸುಲಿಯುವ ಹೊತ್ತು ಬಹಳ ಒಳ್ಳೆಯದು.

ನನಗೆ ಮರೆಯದ ಗಾದೆ ಸಿಕ್ಕಿದ್ದೂ ಅಲ್ಲೇ. ಸಣ್ಣವನಿದ್ದಾಗ ಅಡಿಕೆ ಹೆಕ್ಕಿ ಬೇರೆ ಮಾಡುವ ಕೆಲಸ ನನ್ನದು. ಬೇಗ ಮುಗಿಸಿ ಆಟಕ್ಕೆ ಓಡಬೇಕಿತ್ತು, ಹಾಗಾಗಿ ನಾಲ್ಕು ಹಿಡಿ ಪಟೋರವನ್ನು, ಅಂದರೆ ಕಳಪೆ ಅಡಿಕೆಯನ್ನು, ಒಳ್ಳೆ ಅಡಿಕೆಯ ಗೋಣಿಗೇ ಹಾಕಿ ಮೇಲಿಂದ ಚಂದದ ಅಡಿಕೆ ಮುಚ್ಚಿದೆ. ಅಜ್ಜಿ ಗೋಣಿಯೊಳಗೆ ಮೊಣಕೈವರೆಗೆ ಕೈ ಇಳಿಸಿದರು, ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಇಡೀ ಗೋಣಿಯನ್ನು ಅಂಗಳಕ್ಕೆ ಸುರಿದುಬಿಟ್ಟರು. ಬೈಯಲಿಲ್ಲ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಮಗಾ" ಅಂದರು, ಅಷ್ಟೇ. ಕತ್ತಲಾಗುವವರೆಗೆ ಇಬ್ಬರೂ ಕೂತು ಮತ್ತೆ ಹೆಕ್ಕಿದೆವು.

ಅದಕ್ಕೇ ಹೇಳುವುದು, ಗಾದೆ ಒಂದನ್ನೇ ಬರೆಯಬೇಡಿ. ಯಾರು ಹೇಳಿದರು, ಯಾರಿಗೆ, ಆಗ ಎಂತ ನಡೆದಿತ್ತು, ಇಷ್ಟನ್ನೂ ಕೆಳಗೆ ಬರೆಯಿರಿ. ಯಾಕೆ ಅಂದರೆ ಸಂದರ್ಭ ಬಿಟ್ಟರೆ ಗಾದೆಗಳು ಒಂದಕ್ಕೊಂದು ಜಗಳವಾಡುತ್ತವೆ. "ತಾಳಿದವನು ಬಾಳಿಯಾನು" ಅನ್ನುತ್ತದೆ ಒಂದು. "ಗಾಳಿ ಬಂದಾಗ ತೂರಿಕೋ" ಅನ್ನುತ್ತದೆ ಇನ್ನೊಂದು. ಸಿಟ್ಟಿನಲ್ಲಿ ಪಾಲು ಕೇಳಲು ಹೊರಟ ತಮ್ಮನಿಗೆ ಮೊದಲನೆಯದು ಬೇಕು, ಒಳ್ಳೆ ರೇಟು ಬಂದರೂ ನಾಳೆ ನೋಡುವಾ ಅನ್ನುವ ಅಣ್ಣನಿಗೆ ಎರಡನೆಯದು. ಎರಡೂ ನಿಜ ಅಲ್ವಾ?

ಹೇಳಿದವರ ಮಾತನ್ನು ತಿದ್ದಬೇಡಿ. ಹವ್ಯಕ ಕನ್ನಡದಲ್ಲಿ ಹೇಳಿದರೆ ಹಾಗೇ ಇರಲಿ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆದು ಪಕ್ಕದಲ್ಲಿ ಅರ್ಥ ಬರೆಯಿರಿ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ, ನಮ್ಮ ಮಕ್ಕಳಿಗೆ ಪೇಟೆಯಲ್ಲಿ ಮಲಯಾಳವೇ ಜಾಸ್ತಿ ಕಿವಿಗೆ ಬೀಳುತ್ತದೆ. ಅದನ್ನು ದೂರ ಇಡುವುದಕ್ಕಿಂತ ಜೋಡಿ ಹುಡುಕಿಸಿ. ನಾವು "ಹಿತ್ತಲ ಗಿಡ ಮದ್ದಲ್ಲ" ಅನ್ನುವಲ್ಲಿ ಮಲಯಾಳದವರು "ಮುಟ್ಟತ್ತೆ ಮುಲ್ಲಯ್ಕ್ ಮಣಮಿಲ್ಲ" ಅನ್ನುತ್ತಾರೆ, ಅಂಗಳದ ಮಲ್ಲಿಗೆಗೆ ಪರಿಮಳ ಇಲ್ಲ ಅಂತ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿ ಕೊಡೆ ಹಿಡಿಯುವುದು ಎರಡೂ ಭಾಷೆಯಲ್ಲಿ ಇದೆ. ಇಂಥ ಒಂದು ಜೋಡಿ ಸಿಕ್ಕಿದ ಮಗು ಮರುದಿನ ಇನ್ನೊಂದು ಹುಡುಕಿಕೊಂಡು ಬರುತ್ತದೆ.

ಹೆಂಗಸರನ್ನು, ಯಾವುದಾದರೂ ಜಾತಿಯನ್ನು ಹಳಿಯುವ ಗಾದೆಗಳೂ ಬರುತ್ತವೆ. ಪುಸ್ತಕದಲ್ಲಿ ಬರೆದಿಡಿ, ಬಾಯಲ್ಲಿ ಮಾತ್ರ ಬೇಡ.

ಶಬ್ದದ ಅರ್ಥ ತಿಳಿಯದಿದ್ದರೆ ಕಿಟೆಲ್ ಅವರ ನಿಘಂಟು ನೋಡಿ. 1894ರಲ್ಲಿ ಪಕ್ಕದ ಮಂಗಳೂರಿನಲ್ಲೇ ಅಚ್ಚಾದದ್ದು, ಶಬ್ದಗಳ ಜೊತೆ ಗಾದೆಗಳನ್ನೂ ಕೊಟ್ಟಿದ್ದಾರೆ.

ಇನ್ನು ಬಳಸುವ ವಿಷಯ. ಮಾತಿನ ಮಧ್ಯೆ ಒಂದು ಗಾದೆ ಸಾಕು, ಎರಡಾದರೆ ಉಪದೇಶ ಆಗುತ್ತದೆ. ಹೇಳಿದ ಮೇಲೆ ಅರ್ಥ ಬಿಡಿಸಬೇಡಿ. ಪರೀಕ್ಷೆಯಲ್ಲಿ ಫೇಲಾಗಿ ಬಂದ ಹುಡುಗನಿಗೆ "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅನ್ನಲೇಬೇಡಿ, ಮೊದಲು ಊಟ ಹಾಕಿ.

ಪುಸ್ತಕದಲ್ಲಿ ಪ್ರತಿ ಗಾದೆಯ ಕೆಳಗೆ ಅರ್ಧ ಪುಟ ಖಾಲಿ ಬಿಡಿ. ಪೂಜೆಗೋ ಮದುವೆಗೋ ನೆಂಟರು ಸೇರಿದಾಗ ಓದಿ ಹೇಳಿದರೆ ಯಾರಾದರೂ ದೊಡ್ಡಮ್ಮ "ಅದು ಹಾಗಲ್ಲ, ನಮ್ಮಲ್ಲಿ ಹೇಳುವುದೇ ಬೇರೆ" ಅನ್ನುತ್ತಾರೆ. ಆ ಜಾಗ ಅದಕ್ಕೆ.