ಬೋರ್ ಮಾಡಿಸಿದ ಪೆಟ್ರೋಲ್ ಜೀಪು ಮೊದಲ ಸಲ ಸ್ಟಾರ್ಟ್ ಆಗಿ ಮಿಸ್ಸಿಂಗ್ ಹೊಡೆದರೆ

ತೀರ್ಥಹಳ್ಳಿ, ಹೊಸನಗರ ಕಡೆ ಹಳೆ ಪೆಟ್ರೋಲ್ ವಿಲ್ಲೀಸ್ ಜೀಪು ಇಟ್ಟುಕೊಂಡವರಿಗೆ ಈ ಮಾತು. ಬೋರ್ ಕೆಲಸ (ಸವೆದ ಸಿಲಿಂಡರ್ ಒಳಗೋಡೆ ಕೊರೆದು ಹೊಸ ಪಿಸ್ಟನ್, ರಿಂಗ್ ಹಾಕೋದು) ಮುಗಿಸಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಿಸ್ಸಿಂಗ್ ಹೊಡೆದರೆ, ಅಂದರೆ ಯಾವುದೋ ಸಿಲಿಂಡರ್ ಉರಿಯದೆ ಇಂಜಿನ್ ತಡವರಿಸಿದರೆ, ದಯವಿಟ್ಟು ರೇಸ್ ಕೊಡುತ್ತಾ ಕೂರಬೇಡಿ. ಆಫ್ ಮಾಡಿ. ಉರಿಯದ ಪೆಟ್ರೋಲ್ ಹೊಸ ಬೋರಿನ ಆಯಿಲ್ ತೊಳೆದುಬಿಡುತ್ತದೆ, ರಿಂಗ್ ಸರಿಯಾಗಿ ಕೂರೋದಿಲ್ಲ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯೋ ಸರದಿ, 1-3-4-2. ಎಷ್ಟೋ ಸಲ 3 ಮತ್ತು 2ರ ಪ್ಲಗ್ ವೈರ್ ಅದಲು ಬದಲಾಗಿರುತ್ತದೆ, ಅಷ್ಟೇ.

ಸ್ಟಾರ್ಟೇ ಆಗದೆ ಕಾರ್ಬೊರೇಟರಿನಿಂದ ಢಬ್ ಅಂತ ಹೊಡೆದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚೋ ಭಾಗ) ಉಲ್ಟಾ ಕೂತಿರಬಹುದು. 1ನೇ ಪಿಸ್ಟನ್ ಮೇಲೆ ಬಂದದ್ದನ್ನು ತೋರಿಸೋ ಟೈಮಿಂಗ್ ಮಾರ್ಕ್ ಒಂದನ್ನೇ ನಂಬಿದರೆ ಸಾಲದು. ಅದು ಕಂಪ್ರೆಷನ್‌ನಲ್ಲೂ ಬರುತ್ತದೆ, ಎಕ್ಸಾಸ್ಟ್‌ನಲ್ಲೂ ಬರುತ್ತದೆ. ಎಲ್ಲಾ ಪ್ಲಗ್ ಬಿಚ್ಚಿ, 1ನೇ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಬ್ಬರಿಂದ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳುತ್ತಿರುವಾಗಲೇ ಮಾರ್ಕ್ ಬಂದರೆ ಅದು ಕಂಪ್ರೆಷನ್. ಆಗ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗೋ ರೋಟರ್ 1ನೇ ವೈರಿನ ಕಡೆ ನೋಡುತ್ತಿರಬೇಕು.

ಸ್ಟಾರ್ಟ್ ಆಗಿ ಒಂದೇ ಸಿಲಿಂಡರ್ ಸತ್ತಿದ್ದರೆ, ಇನ್ಸುಲೇಷನ್ ಇರೋ ಇಕ್ಕಳದಿಂದ ಪ್ಲಗ್ ವೈರ್ ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದರೂ ಸದ್ದು ಬದಲಾಗೋದಿಲ್ಲವೋ ಅದೇ ಕಳ್ಳ. ಅಲ್ಲಿ ಕಿಡಿ ಚೆನ್ನಾಗಿದ್ದರೆ ಟ್ಯಾಪೆಟ್ (ವಾಲ್ವ್ ಎತ್ತೋ ಭಾಗ) ನೋಡಿ. ಟೈಟ್ ಆಗಿದ್ದರೆ ವಾಲ್ವ್ ಪೂರ್ತಿ ಮುಚ್ಚೋದಿಲ್ಲ, ಕಂಪ್ರೆಷನ್ ಸೋರುತ್ತದೆ.

ನಮ್ಮ ಮಳೆಗಾಲದಲ್ಲಿ ಇನ್ನೊಂದಿದೆ. ತಿಂಗಳುಗಟ್ಟಲೆ ಶೆಡ್‌ನಲ್ಲಿದ್ದ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ತೇವ ಕೂತಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕ್ಯಾಪ್ ಬದಲಿಸಿ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.020 ಇಂಚು ಇದೆಯಾ ಅಂತಲೂ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿ ನೋಡಿಬಿಡಿ.