ಹಸುವಿನ ಗರ್ಭಕೋಶದಲ್ಲಿ ಕೀವು: ಔಷಧಿಗೆ ಮೊದಲು ಪರೀಕ್ಷೆ ಮಾಡಿಸುವುದು ಹೇಗೆ?

ಹಸು ಕರು ಹಾಕಿ ತಿಂಗಳಾಗಿದೆ. ಬೆಳಿಗ್ಗೆ ಕೊಟ್ಟಿಗೆ ಗುಡಿಸುವಾಗ ಅದು ಮಲಗಿದ್ದ ಜಾಗದಲ್ಲಿ ಅಂಗೈಯಗಲ ಬಿಳಿ ಕೀವು ಕಾಣುತ್ತದೆ, ಬಾಲದ ಕೂದಲಿಗೂ ಅಂಟಿ ಒಣಗಿರುತ್ತದೆ. ಹಸು ಮೇವು ಬಿಟ್ಟಿಲ್ಲ, ಹಾಲೂ ಕಡಿಮೆಯಾಗಿಲ್ಲ. ಮನೆಯವರು ಔಷಧಿ ಅಂಗಡಿಗೆ ಹೋಗಿ ಹೋದ ಸಲ ತಂದಿದ್ದನ್ನೇ ತಂದು ಯಾರಿಂದಲೋ ಗರ್ಭಕೋಶಕ್ಕೆ ಹಾಕಿಸುತ್ತಾರೆ. ಮೂರು ದಿನ ಕೀವು ನಿಂತಂತೆ ತೋರುತ್ತದೆ. ಮುಂದಿನ ಬೆದೆಯಲ್ಲಿ ಲೋಳೆಯ ಜೊತೆ ಮತ್ತೆ ಇಳಿಯುತ್ತದೆ.

ಹೀಗೆ ಒಂದರ ಹಿಂದೆ ಒಂದರಂತೆ ಮೂರು ಔಷಧಿ ಕಂಡಿದ್ದ ಮಿಶ್ರತಳಿ ಹಸುವೊಂದರ ಕೀವನ್ನು ನಾನು ಪ್ರಯೋಗಾಲಯಕ್ಕೆ ಕೊಟ್ಟಿದ್ದೆ. ಆ ಕೀವಿನ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಆರು ಔಷಧಿಗಳನ್ನು ಹೀರಿದ ಕಾಗದದ ಬಿಲ್ಲೆಗಳಿದ್ದವು. ನಾಲ್ಕರ ಅಂಚಿನವರೆಗೂ ಬ್ಯಾಕ್ಟೀರಿಯಾ ಹುಲ್ಲಿನಂತೆ ದಟ್ಟವಾಗಿ ಬೆಳೆದು ನಿಂತಿತ್ತು, ಅಂದರೆ ಆ ನಾಲ್ಕೂ ಕೆಲಸ ಮಾಡಿರಲಿಲ್ಲ. ಆ ಮನೆಯವರು ದುಡ್ಡು ಕೊಟ್ಟು ಹಾಕಿಸಿದ್ದ ಮೂರೂ ಔಷಧಿಗಳು ಆ ನಾಲ್ಕರಲ್ಲೇ ಇದ್ದವು. ಪಶುವೈದ್ಯನಾಗಿ ನನಗೆ ಅಂದು ಆದ ಸಂಕಟ ಇನ್ನೂ ಹೋಗಿಲ್ಲ. ಅದಕ್ಕಾಗಿಯೇ ಈ ಲೇಖನ.

ಮೊದಲು, ಇದು ಕಾಯಿಲೆಯೇ ಎಂದು ನೋಡಿ

ಕರು ಹಾಕಿದ ಮೊದಲ ಎರಡು ವಾರ ಬಹುಪಾಲು ಹಸುಗಳ ಗರ್ಭಕೋಶದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಕೆಂಪು ಮಿಶ್ರಿತ ಕಂದು ಬಣ್ಣದ, ದುರ್ವಾಸನೆಯಿಲ್ಲದ ಸ್ರಾವ ಆ ದಿನಗಳಲ್ಲಿ ಸಹಜ. ಗರ್ಭಕೋಶ ತನ್ನನ್ನು ತಾನೇ ತೊಳೆದುಕೊಳ್ಳುತ್ತಿರುತ್ತದೆ, ಮೊದಲಿನ ಗಾತ್ರಕ್ಕೆ ಬರಲು ಅದಕ್ಕೆ ಸುಮಾರು 40 ದಿನ ಬೇಕು. ಈ ಸಹಜ ಸ್ರಾವಕ್ಕೆ ಹೆದರಿ ಆಂಟಿಬಯೋಟಿಕ್ ಹಾಕಿಸುವುದೇ ಮೊದಲ ತಪ್ಪು.

ಸ್ರಾವ ನೀರಿನಂತೆ ತೆಳುವಾಗಿ ಕೊಳೆತ ವಾಸನೆ ಬಂದರೆ, ಹಸು ಮೇವು ಬಿಟ್ಟು ಕಿವಿ ಜೋಲು ಹಾಕಿ ನಿಂತರೆ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಹಸುವಿನ ಸಹಜ ಉಷ್ಣಾಂಶ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಅದು 103 ದಾಟಿದ್ದರೆ ಅಂದೇ ವೈದ್ಯರು ಬರಬೇಕು. ಮೂರು ವಾರ ಕಳೆದ ಮೇಲೂ ಕೀವು ಬರುತ್ತಿದ್ದು ಜ್ವರವಿಲ್ಲದಿದ್ದರೆ ಅದು ಬೇರೆ ಬಗೆಯ ಸೋಂಕು. ಅಲ್ಲಿ ಆತುರ ಬೇಡ, ಪರೀಕ್ಷೆ ಮಾಡಿಸುವಷ್ಟು ಸಮಯ ಧಾರಾಳವಾಗಿ ಇದೆ.

ಕಸ, ಅಂದರೆ ಕರುವಿನ ಹಿಂದೆ ಬೀಳಬೇಕಾದ ಮಾಸು, ಬೀಳದ ಹಸುವಿನ ಬಗ್ಗೆ ಒಂದು ಮಾತು. ಹಸುವಿನ ಗರ್ಭಕೋಶಕ್ಕೂ ಕಸಕ್ಕೂ ನಡುವೆ ನೂರರ ಆಸುಪಾಸಿನಷ್ಟು ಬೆಸುಗೆಗಳಿರುತ್ತವೆ. ಕೈ ಹಾಕಿ ಎಳೆದರೆ ಅಷ್ಟೂ ಕಡೆ ಗಾಯವಾಗಿ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ. ಕಸಕ್ಕೆ ಕಲ್ಲು ಅಥವಾ ಚಪ್ಪಲಿ ಕಟ್ಟುವುದನ್ನು ಇನ್ನೂ ಕಾಣುತ್ತೇವೆ, ದಯವಿಟ್ಟು ಬಿಡಿ. 12 ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರಿಗೆ ತಿಳಿಸಿ, ಜೋತಾಡುವ ಭಾಗವನ್ನಷ್ಟೇ ಕತ್ತರಿಸಿ, ದಿನವೂ ಜ್ವರ ನೋಡಿ. ಕಸವನ್ನಾಗಲಿ ಸ್ರಾವವನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್, ಮನುಷ್ಯರಿಗೆ ಬರುವ ದಾರಿಗಳಲ್ಲಿ ಇದೂ ಒಂದು. ಬಿದ್ದ ಕಸವನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿಗೆ ಸಿಗಬಾರದು.

ಔಷಧಿ ಒಳಗೆ ಹೋಗುವ ಮುಂಚೆ ಮಾದರಿ ಹೊರಗೆ ಬರಲಿ

ಕ್ರಮ ಇದೇ, ತಿರುಗುಮುರುಗಾಗಬಾರದು. ಔಷಧಿ ಬಿದ್ದ ಮೇಲೆ ತೆಗೆದ ಕೀವಿನಲ್ಲಿ ಏನೂ ಬೆಳೆಯದಿರಬಹುದು, ಬೆಳೆದರೂ ದಾರಿ ತಪ್ಪಿಸಬಹುದು.

ಮಾದರಿ ತೆಗೆಯುವುದು ವೈದ್ಯರ ಕೆಲಸ. ಸರಿಯಾಗಿ ಆಗುತ್ತಿದೆಯೇ ಎಂದು ನೋಡುವುದು ನಿಮ್ಮ ಕೈಯಲ್ಲಿದೆ. ಬಾಲವನ್ನು ಪಕ್ಕಕ್ಕೆ ಕಟ್ಟಿ, ಯೋನಿಯ ಸುತ್ತ ತೊಳೆದು, ಶುದ್ಧ ಬಟ್ಟೆಯಿಂದ ಒದ್ದೆ ಆರುವಂತೆ ಒರೆಸಬೇಕು. ನೀರು ತೊಟ್ಟಿಕ್ಕುತ್ತಿದ್ದರೆ ಸಗಣಿಯ ಬ್ಯಾಕ್ಟೀರಿಯಾ ಒಳಗೆ ಇಳಿದುಹೋಗುತ್ತದೆ. ಹತ್ತಿಕಡ್ಡಿ ಬರಿದಾಗಿ ಒಳಗೆ ಹೋಗುವುದಿಲ್ಲ, ಕೊಳವೆಯೊಳಗೆ ಅಡಗಿ ಹೋಗುತ್ತದೆ. ಒಂದು ಕೈ ಗುದದ್ವಾರದ ಮೂಲಕ ಗರ್ಭಕೋಶದ ಕೊರಳನ್ನು ಹಿಡಿದಿರುತ್ತದೆ, ಕೊಳವೆ ಅದನ್ನು ದಾಟಿದ ಮೇಲಷ್ಟೇ ಕಡ್ಡಿಯ ತುದಿ ಹೊರಬಂದು ಕೀವನ್ನು ಹೀರಿ ಮತ್ತೆ ಕೊಳವೆಯೊಳಗೆ ಸರಿಯುತ್ತದೆ. ಕೃತಕ ಗರ್ಭಧಾರಣೆ ನೋಡಿದವರಿಗೆ ಇದು ಹೊಸದೆನಿಸದು. ನೆಲಕ್ಕೆ ಬಿದ್ದ ಕೀವನ್ನು ಬಾಟಲಿಗೆ ತುಂಬಿ ಕಳಿಸಿದರೆ ಪರೀಕ್ಷೆಯಾಗುವುದು ಕೊಟ್ಟಿಗೆಯದು, ಹಸುವಿನದಲ್ಲ.

ಕಡ್ಡಿಯನ್ನು ಸಾಗಣೆ ಮಾಧ್ಯಮ, ಅಂದರೆ ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ದ್ರವ್ಯ, ಇರುವ ನಳಿಕೆಗೆ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ಜೊತೆಯ ಚೀಟಿಯಲ್ಲಿ ಕರು ಹಾಕಿದ ದಿನ, ಈ ಹಿಂದೆ ಕೊಟ್ಟ ಔಷಧಿಗಳು, ಕೊನೆಯದು ಯಾವಾಗ ಎಂದು ಬರೆಯಿರಿ. ಕೊಟ್ಟದ್ದನ್ನು ಮುಚ್ಚಿಡಬೇಡಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಂಥ ಕಡೆಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಯಾವ ಪ್ರಯೋಗಾಲಯ ಹತ್ತಿರ ಎಂಬುದನ್ನು ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿ. ವೈದ್ಯರು ಬೇಕಾದಾಗ 1962 ಸಹಾಯವಾಣಿಯೂ ಇದೆ.

ತಟ್ಟೆ ಏನು ಹೇಳುತ್ತದೆ

ಪ್ರಯೋಗಾಲಯದಲ್ಲಿ ಕೀವಿನಿಂದ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅಗರ್ ಎಂಬ ಪೋಷಕ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಒಂದೇ ಸಮನಾಗಿ ಸವರುತ್ತಾರೆ. ಅದರ ಮೇಲೆ ಬೇರೆ ಬೇರೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು ಒಂದು ರಾತ್ರಿ ಬೆಚ್ಚಗೆ ಬಿಡುತ್ತಾರೆ. ಔಷಧಿ ಕೆಲಸ ಮಾಡಿದ ಕಡೆ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಮೂಡುತ್ತದೆ. ಅದನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ವರದಿಯಲ್ಲಿ ಎಸ್ ಎಂದಿದ್ದರೆ ಔಷಧಿಗೆ ಬಗ್ಗುತ್ತದೆ, ಆರ್ ಎಂದಿದ್ದರೆ ಬಗ್ಗುವುದಿಲ್ಲ, ಐ ಎಂದಿದ್ದರೆ ನಡುವೆ.

ಬಳೆ ದೊಡ್ಡದಿದ್ದ ಮಾತ್ರಕ್ಕೆ ಆ ಔಷಧಿಯೇ ಮೇಲು ಎಂದಲ್ಲ. ಒಂದೊಂದು ಔಷಧಿ ಅಗರಿನಲ್ಲಿ ಒಂದೊಂದು ರೀತಿ ಹರಡುತ್ತದೆ, ಆದ್ದರಿಂದ ಒಂದೊಂದಕ್ಕೂ ಅಳತೆಯ ಗೆರೆ ಬೇರೆ. ತಟ್ಟೆಯಲ್ಲಿ ಗೆದ್ದದ್ದು ಗರ್ಭಕೋಶದಲ್ಲೂ ಗೆಲ್ಲುತ್ತದೆ ಎನ್ನುವಂತೆಯೂ ಇಲ್ಲ. ಜೆಂಟಾಮೈಸಿನ್ ಬ್ಯಾಕ್ಟೀರಿಯಾದ ಒಳಹೊಗಲು ಆಮ್ಲಜನಕ ಬೇಕು. ಕೀವು ತುಂಬಿದ ಗರ್ಭಕೋಶದಲ್ಲಿ ಅದು ಇರುವುದೇ ಅಪರೂಪ. ಸಲ್ಫಾ ಔಷಧಿಗಳ ಬಲವನ್ನು ಕೀವೇ ಕುಗ್ಗಿಸುತ್ತದೆ. ಪೆನಿಸಿಲಿನ್ ಒಂದು ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲುದಾದರೂ ಪಕ್ಕದಲ್ಲಿರುವ ಇನ್ನೊಂದು ತನ್ನ ಕಿಣ್ವದಿಂದ ಅದನ್ನು ಮುರಿದುಹಾಕುತ್ತದೆ. ವರದಿಯನ್ನು ಅಂಗಡಿಗೆ ಒಯ್ಯದೆ ವೈದ್ಯರ ಮುಂದಿಡಬೇಕು ಎನ್ನುವುದು ಇದಕ್ಕೇ.

ಗರ್ಭಕೋಶದಲ್ಲಿ ಒಂಟಿ ಶತ್ರು ಇರುವುದು ಕಡಿಮೆ. ಮೊದಲ ವಾರ ಸಗಣಿಯ ಇ.ಕೋಲಿ ಒಳಪದರಕ್ಕೆ ಗಾಯ ಮಾಡುತ್ತದೆ, ಹಿಂದೆಯೇ ಟ್ರೂಪೆರೆಲ್ಲಾ ಪಯೋಜೆನಿಸ್ ಮತ್ತು ಫ್ಯೂಸೋಬ್ಯಾಕ್ಟೀರಿಯಂ ಬಂದು ಕೀವು ಕಟ್ಟಿಸುತ್ತವೆ. ಕೊನೆಯದು ಗಾಳಿ ತಾಗಿದರೆ ಸಾಯುವಂಥದ್ದು, ಸಾಮಾನ್ಯ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ವರದಿಯಲ್ಲಿ ‘ಏನೂ ಬೆಳೆದಿಲ್ಲ’ ಎಂದಿದ್ದರೆ ಹಸು ಗುಣವಾಗಿದೆ ಎಂದು ತಿಳಿಯಬೇಡಿ.

ವರದಿ ಬರುವವರೆಗೆ

ಜ್ವರವಿರುವ ಹಸುವನ್ನು ಕಾಯಿಸುವಂತಿಲ್ಲ. ವೈದ್ಯರು ಮಾದರಿ ತೆಗೆದ ಕೂಡಲೇ ಚುಚ್ಚುಮದ್ದು ಶುರು ಮಾಡಿ, ವರದಿ ಬಂದಾಗ ಬದಲಿಸಬೇಕಿದ್ದರೆ ಬದಲಿಸುತ್ತಾರೆ. ಜ್ವರವಿಲ್ಲದೆ ಕೀವು ಮಾತ್ರ ಇರುವ ಹಸುವಿನ ಅಂಡಾಶಯದಲ್ಲಿ ಹಳದಿ ಗಂಟು, ಅಂದರೆ ಬೆದೆಯನ್ನು ತಡೆದಿಡುವ ಗಂಟು, ಇದ್ದರೆ, ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನಿನ ಚುಚ್ಚುಮದ್ದಿನಿಂದ ಅದು ಕರಗಿ ಹಸು ಬೆದೆಗೆ ಬಂದು, ಗರ್ಭಕೋಶದ ಬಾಯಿ ತೆರೆದು ಕೀವು ಹೊರಬೀಳುತ್ತದೆ. ಎಷ್ಟೋ ಹಸುಗಳಿಗೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಗಬ್ಬದ ಹಸುವಿಗೆ ಇದನ್ನು ಕೊಟ್ಟರೆ ಗರ್ಭಪಾತವಾಗುತ್ತದೆ, ಆದ್ದರಿಂದ ಪರೀಕ್ಷಿಸಿದ ವೈದ್ಯರೇ ಕೊಡಬೇಕು.

ಔಷಧಿ ಶುರುವಾದ ಮೇಲೆ ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣ. ಅರ್ಧ ಪ್ರಮಾಣಕ್ಕೆ ಸಾಯುವುದು ದುರ್ಬಲ ಬ್ಯಾಕ್ಟೀರಿಯಾ ಮಾತ್ರ. ಉಳಿದ ಗಟ್ಟಿ ಬ್ಯಾಕ್ಟೀರಿಯಾ ತನ್ನ ನಿರೋಧಕ ಶಕ್ತಿಯ ಜೀನುಗಳನ್ನು ಮಕ್ಕಳಿಗಷ್ಟೇ ಅಲ್ಲ, ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಅದು ಸಗಣಿಯಲ್ಲಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ, ಕೈಯಿಂದ ಅಡುಗೆಮನೆಗೆ ಬರುತ್ತದೆ. ಹಸುವಿಗೆ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ನಿಮ್ಮ ತಾಯಿಗೆ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಬೇರೆಯಲ್ಲ. ಮನುಷ್ಯರಿಗೆ ಕೊನೆಯ ಆಸರೆಯಾಗಿರುವ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ಹಾಲನ್ನು ಔಷಧಿಯ ಚೀಟಿಯಲ್ಲಿ ಬರೆದಷ್ಟು ದಿನ ಡೇರಿಗೆ ಹಾಕಬೇಡಿ. ಗರ್ಭಕೋಶಕ್ಕೆ ಬಿಟ್ಟ ಔಷಧಿಯೂ ರಕ್ತದ ಮೂಲಕ ಕೆಚ್ಚಲಿಗೆ ಬರುತ್ತದೆ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಸರಿಯಾಗಿ ಆಗದಿರಬಹುದು, ಹೆಪ್ಪಿನ ಬ್ಯಾಕ್ಟೀರಿಯಾವೂ ಸಾಯುತ್ತದೆ. ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸಬೇಡಿ. ಕರುವಿನ ಕರುಳಿನಲ್ಲಿ ಅದೇ ನಿರೋಧಕ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಮುಂದಿನ ಬೆದೆಗೆ

ಕೀವು ನಿಂತಿತೆಂದು ಕೂಡಲೇ ಗರ್ಭಧಾರಣೆ ಮಾಡಿಸಬೇಡಿ. ಕರು ಹಾಕಿ 60 ದಿನವಾದರೂ ಕಳೆಯಲಿ. ಬೆದೆಗೆ ಬಂದಾಗ ಇಳಿಯುವ ಲೋಳೆಯನ್ನು ಕೈಗವಸು ತೊಟ್ಟ ಅಂಗೈಯಲ್ಲಿ ಹಿಡಿದು ಬೆಳಕಿಗೆ ನೋಡಿ. ಕೋಳಿಮೊಟ್ಟೆಯ ಬಿಳಿಯಂತೆ ತಿಳಿಯಾಗಿದ್ದರೆ ವೈದ್ಯರನ್ನು ಕರೆಸಿ. ಅದರೊಳಗೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ ತೇಲುತ್ತಿದ್ದರೂ ಆ ಬೆದೆಯನ್ನು ಬಿಟ್ಟುಬಿಡಿ, ಹಸುವನ್ನು ಮತ್ತೊಮ್ಮೆ ಪರೀಕ್ಷಿಸಲು ಹೇಳಿ.